ಹೋಗಿ ಬರ್ರಿ ಎಂದದ್ದು

ಗೌರಿ, ಕೊಟ್ರೇಶ, ನಿಮ್ಮ ಅಜ್ಜಿ ಬಳ್ಳಾರಿಯಂಥ ಊರಿನಲ್ಲಿ ಒಂದು ಮನೆ ಬಾಡಿಗೆಗೆ ಕೊಟ್ಟ ಮಾಲೀಕಳು ಎಂದರೆ ನೋಡಿದವರು ಯಾರೂ ನಂಬುವುದಿಲ್ಲ. ಮಾಲೀಕರೆಂದ ಮೇಲೆ ದನಿ ಗಟ್ಟಿ ಇರಬೇಕು. ನಾನೋ, ನನ್ನದೇ ಕೆಳಮನೆಯ ಬಾಗಿಲನ್ನು ಅದಕ್ಕೆಲ್ಲಿ ನೋವಾದೀತೋ ಎಂಬಂತೆ ಬೆರಳ ತುದಿಯಿಂದ ತಟ್ಟುವವಳು. ಸಿರಿಗೇರಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದೆ. ಮೇಷ್ಟ್ರು ಹೆಸರು ಕೂಗಿದಾಗ ಓಗೊಡಲು ನಾಚಿ, ಎಷ್ಟೋ ದಿನ ಅವರ ಎದುರಿಗೇ ಕೂತು ಗೈರುಹಾಜರಾಗಿದ್ದೇನೆ.

ಈ ಮನೆ ಕಟ್ಟಿಸಿದಾಗ ಕೆಳಗಿನದು ಬಾಡಿಗೆಗೆ, ಮೇಲಿನದು ನಮಗೆ ಎಂದು ನಿಮ್ಮ ತಾತನೇ ತೀರ್ಮಾನಿಸಿದರು. "ಮ್ಯಾಲೆ ಗಾಳಿ ಚಲೋ ಬರತೈತಿ" ಎಂದರು. ಗಾಳಿ ಬರುತ್ತದೆ, ಸುಳ್ಳಲ್ಲ. ಆದರೆ ಗಾಳಿಗೆ ಮಂಡಿನೋವಿಲ್ಲವಲ್ಲ! ಇಪ್ಪತ್ತೆರಡು ಮೆಟ್ಟಿಲು. ಮಹಡಿಯಲ್ಲಿ ನಿಂತರೆ ಬೆಳಗ್ಗೆ ಕೋಟೆ ಗುಡ್ಡ ಹತ್ತುವ ಜನ ಕಾಣುತ್ತಾರೆ. ನನಗೆ ಮನೆಯೇ ಗುಡ್ಡವಾಗಿದೆ. ಇನ್ನು ಮೆಟ್ಟಿಲು ಹತ್ತಲೇಬಾರದು ಎಂದು ಡಾಕ್ಟರು ಹೇಳಿದರು. ನಾನಿರುವುದೇ ಮೇಲೆ ಎನ್ನಲು ಅವರೆದುರಿಗೂ ನಾಚಿಕೆಯಾಗಿ, ತಲೆಯಾಡಿಸಿ ಬಂದು ಮೆಟ್ಟಿಲು ಹತ್ತಿದೆ.

ಹಾಗಾಗಿ ಕೆಳಮನೆ ಬಿಡಿಸಿಕೊಳ್ಳಬೇಕಾಯಿತು. ಅಲ್ಲಿದ್ದವರು ಶೇಖರಪ್ಪ, ಶಾರದಮ್ಮ ದಂಪತಿ. ಆತ ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ. ಆಕೆ ಕುರುಗೋಡಿನ ಹೆಣ್ಣುಮಗಳು, ಮಾತಿನಲ್ಲಿ ಧಾರಾಳಿ. ಮನೆ ಬಿಡಿ ಎಂದು ಹೇಳಲು ಮಾತುಗಳನ್ನು ಜೋಡಿಸಿಕೊಂಡು ನಾನು ಮೂರು ಸಲ ಕೆಳಗಿಳಿದೆ. ಮೂರು ಸಲವೂ, "ಬರ್ರಿ ಅಮ್ಮಾರ, ಕುಂದರ್ರಿ, ಈಗರ ಮಿರ್ಚಿ ಕರದೀನಿ" ಎಂದಳು. ಬಾಯಲ್ಲಿ ಬಿಸಿ ಮಿರ್ಚಿ ಇಟ್ಟುಕೊಂಡು ಮನೆ ಬಿಡಿ ಎನ್ನಲು ಬರುವುದಿಲ್ಲ. ಬೇಕಾದರೆ ನೀವೇ ಅಂದು ನೋಡಿ.

ಆಮೇಲೆ ದೇವರೇ ಕಣ್ಣುಬಿಟ್ಟ ಎನ್ನಿ. ಶೇಖರಪ್ಪ ತಾನಾಗಿಯೇ ಬಂದು, "ಅಮ್ಮಾರ, ಮಿಲ್ಲಿನ ಹಿಂದ ಮನಿ ಸಿಕ್ಕೈತಿ, ಅಲ್ಲಿಗೇ ಹೋಗಾಕ ಹತ್ತೀವಿ" ಎಂದ. ಒಳಗೆ ಹಿಗ್ಗು, ಮುಖದ ಮೇಲೆ ದುಃಖ ಹೊಂದಿಸುವುದರಲ್ಲಿ ಸಾಕಾಯಿತು. ಹೊರಡುವ ದಿನ ಶಾರದಮ್ಮ ಅರಿಶಿನ ಕುಂಕುಮಕ್ಕೆ ಬಂದಳು. ನಿಮ್ಮ ತಾತ ಹೋದ ಮೇಲೆ ಆ ತಟ್ಟೆಯಿಂದ ನಾನು ದೂರವೇ. ಪಕ್ಕದ ಮನೆಯವರನ್ನು ಕರೆಯುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದು, "ನೀವss ಹಚ್ಚರಿ. ಬ್ಯಾರೇದೋರ ಕೈಲಿ ಹಚ್ಚಿಸಿಕೊಳ್ಳಾಕ ನಾ ಇಲ್ಲಿತನ ಬಂದಿಲ್ಲ" ಎಂದು ಗದರಿದಳು. ಹಚ್ಚಿದೆ. ಹಣೆಯ ಕುಂಕುಮ ಮೂಗಿನ ಮೇಲೂ ಉದುರಿತು. ಲಗೇಜು ಗಾಡಿ ಹೊರಟಾಗ ಗೇಟಿನಲ್ಲಿ ನಿಂತು, "ಹೋಗಿ ಬರ್ರಿ" ಎಂದೆ.

ಅಷ್ಟೇ. ಮತ್ತೇನು ಅನ್ನಬೇಕಿತ್ತು? ಮೊಸರು ಮಾರುವವಳಿಗೂ "ಹೋಗಿ ಬಾರವ್ವ" ಎನ್ನುವ ಬಾಯಿ ಇದು. ಹೊರಟವರಿಗೆ ಬರೀ "ಹೋಗ್ರಿ" ಎಂದರೆ ಕೆಟ್ಟದ್ದು ಬಯಸಿದಂತಲ್ಲವೇ?

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಮನೆ ಬದಲಿಸಬಾರದೆಂದು ಶ್ರಾವಣಕ್ಕೆ ಕಾದೆ. ದಿನಾ ಕೆಳಗಿಳಿದು, ಮಂಚ ಇಲ್ಲಿ, ದೇವರು ಅಲ್ಲಿ ಎಂದು ಖಾಲಿ ಕೋಣೆಯಲ್ಲಿ ಒಬ್ಬಳೇ ಸಂಸಾರ ಹೂಡಿದೆ. ಶ್ರಾವಣದ ಮೊದಲ ಸೋಮವಾರ ಮಂಚವನ್ನು ಮೆಟ್ಟಿಲ ತುದಿವರೆಗೆ ಎಳೆದು ಉಸಿರು ಬಿಡುತ್ತಿದ್ದೆ. ಗೇಟಿನ ಮುಂದೆ ಲಗೇಜು ಗಾಡಿ ನಿಂತಿತು. ಅದೇ ಗಾಡಿ, ಅದೇ ಗಂಟುಗಳು.

ಶೇಖರಪ್ಪ ಮೇಲೆ ಹತ್ತಿ ಬಂದು, "ಅಲ್ಲಿ ಬರೀ ಹೊಟ್ಟಿನ ಧೂಳ್ರಿ ಅಮ್ಮಾರ, ಇಕಿಗೆ ಕೆಮ್ಮು ನಿಲ್ಲವಲ್ದು. ನೀವು ಇನ್ನೂ ಯಾರಿಗೂ ಮನಿ ಕೊಟ್ಟಿಲ್ಲಂತ ಪಕ್ಕದ ಮನಿಯೋರು ಅಂದ್ರು" ಎಂದ. ಹಿಂದಿನಿಂದ ಶಾರದಮ್ಮ ಕೆಮ್ಮುತ್ತಲೇ, "ನಾ ಹೇಳಿದ್ದಿಲ್ಲೇನು? ಅಮ್ಮಾರು ಬಾಯಿ ತುಂಬ ಹೋಗಿ ಬರ್ರಿ ಅಂದಾರ. ಹೋಗಿದ್ವಿ, ಬಂದ್ವಿ" ಎಂದಳು.

ಈಗಲಾದರೂ ಹೇಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿದೆ. "ನನ್ನ ಮಂಡಿ..." ಎಂದೆ.

"ಏನಂದ್ರಿ ಅಮ್ಮಾರ?"

"ಮಂಡಕ್ಕಿ... ಮಂಡಕ್ಕಿ ತಿಂತೀರೇನು ಅಂದೆ."

ತಿಂದರು. ತಿನ್ನುತ್ತಾ ಶಾರದಮ್ಮ, "ಮಂಚ ಯಾಕ್ರಿ ಇಲ್ಲಿ?" ಎಂದಳು. "ಇಲ್ಲಿ ಗಾಳಿ ಚಲೋ ಬರತೈತಿ ನೋಡವ್ವ" ಎಂದೆ. ಗೋಡೆಯ ಮೇಲಿನ ಫೋಟೋದಲ್ಲಿ ನಿಮ್ಮ ತಾತ ನಕ್ಕಂತಾಯಿತು. ಗಂಡಹೆಂಡಿರು ಮಂಚವನ್ನು ಎತ್ತಿ ಒಳಗಿಟ್ಟು ಕೆಳಗೆ ಹೋದರು.

ಅಂದು ಫೋನಿನಲ್ಲಿ ನಿಮ್ಮಮ್ಮ ಕೂಗಾಡಿದಳು. "ಅವ್ವಾ, ಮನಿ ನನಗss ಬೇಕು ಅನ್ನಾಕ ನಿನ್ನ ಬಾಯಿಗೆ ಏನಾಗೈತಿ?" ಬಾಯಿಗೆ ಏನೂ ಆಗಿಲ್ಲ, ಆಗಿರುವುದು ಮಂಡಿಗೆ. ಈಗ ಶಾರದಮ್ಮನ ಕೆಮ್ಮು ನಿಂತಿದೆ. ನಾನು ಮಹಡಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಬಿಟ್ಟರೆ ಅವಳು ತರಕಾರಿ ಹಾಕಿ ಕಳಿಸುತ್ತಾಳೆ. ಒಮ್ಮೊಮ್ಮೆ ಮಿರ್ಚಿಯೂ ಬರುತ್ತದೆ.

ಈ ಹಾಳೆಗಳನ್ನು ನಿಮ್ಮ ಹತ್ತಿರವೇ ಜೋಪಾನವಾಗಿಡಿ. ಇಲ್ಲಿಗೆ ಬಂದಾಗ ಮರೆತೂ ತರಬೇಡಿ. ಶಾರದಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಓದುವವಳು. ನನ್ನ ಮಂಡಿಯ ಸಂಗತಿ ತಿಳಿದರೆ ಅಂದೇ ಗಂಟು ಕಟ್ಟಿ ಮನೆ ಬಿಡುತ್ತಾಳೆ. ಆಗ ನಾನು ಗೇಟಿನಲ್ಲಿ ನಿಂತು ಮತ್ತೆ ಅದೇ ಮಾತು ಹೇಳಬೇಕು. ಈ ಸಲ ಬಾಯಿ ರೂಢಿಗೆ ಅಲ್ಲ, ಬೇಕೆಂದೇ ಹೇಳಿಬಿಟ್ಟೇನು.