ಮಾಳಿಗೆ ಮೇಲಿನ ಛತ್ರಿ ಮಾರಿದ್ದು

ನಾನು ಏನನ್ನು ಮಾರಲು ಹೊರಟರೂ ಊರು ನಗುವಂಥದ್ದೊಂದು ನಡೆಯದೆ ಆ ಮಾರಾಟ ಮುಗಿದದ್ದಿಲ್ಲ. ಒಮ್ಮೆ ಆಕಳು ಮಾರಿ ಮನೆಗೆ ಬಂದರೆ, ಅದು ನನಗಿಂತ ಮೊದಲೇ ಬಂದು ಗೋದಲಿಯ ಮುಂದೆ ನಿಂತಿತ್ತು. ಇನ್ನೊಮ್ಮೆ ಸೈಕಲ್ ಮಾರಿದೆ. ಕೊಂಡವನು ಬಹಳ ಒಳ್ಳೆಯವನು, ಅದೇ ಸೈಕಲ್ಲಿನ ಮೇಲೆ ನನ್ನನ್ನು ಕೂಡಿಸಿಕೊಂಡು ಮನೆತನಕ ಬಿಡಲು ಬಂದ. ದಾರಿಯಲ್ಲಿ ಚೈನು ಬಿತ್ತು. ಅದನ್ನು ಹಾಕಿಕೊಡುವ ಹೊತ್ತಿಗೆ ಅವನ ಮನಸ್ಸು ಬದಲಾಗಿತ್ತು.

ಆದರೆ ನನ್ನ ಕೇಬಲ್ ಟಿವಿ ಧಂದೆಯನ್ನು ಮಾರಿದ್ದರ ಮುಂದೆ ಅವೆಲ್ಲ ಏನೂ ಅಲ್ಲ.

ತೊಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಜೇವರ್ಗಿಯಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಒಂದು ದೊಡ್ಡ ಡಿಶ್ ಕೂಡಿಸಿ, ಓಣಿ ಓಣಿಗೆ ವಾಯರ್ ಎಳೆದು, ಮನೆಮನೆಗೆ ಟಿವಿ ಚಾನಲ್ ಕೊಡುತ್ತಿದ್ದೆ. ಡಿಶ್ ಎಂದು ಯಾರೂ ಅನ್ನುತ್ತಿರಲಿಲ್ಲ. ಊರಿಗೆಲ್ಲ ಅದು ಛತ್ರಿ. ನೋಡುವವರು ಬಹಳ ಮಂದಿ ಇದ್ದರು, ಕೊಡುವವರು ಕಡಿಮೆ. ತಿಂಗಳ ರೊಕ್ಕ ಕೇಳಲು ಹೋದರೆ ಒಬ್ಬ ಯಜಮಾನರು, "ನಾವು ಒಂದೇ ಚಾನಲ್ ನೋಡ್ತೇವ್ರಿ. ಉಳಿದದ್ದೆಲ್ಲಾ ನೀವೇ ವಾಪಸ್ ತಗೊಂಡ್ ಹೋಗ್ರಿ" ಎಂದಿದ್ದರು. ಅಂತೂ ಧಂದೆ ಚಾಲೂ ಇತ್ತು, ಲಾಭ ಇನ್ನೂ ಬಂದಿರಲಿಲ್ಲ. ನಾಳೆ ಬರುತ್ತದೆ ಎಂದು ನಾನು ದಿನವೂ ಮಾಳಿಗೆ ಹತ್ತಿ ನೋಡುತ್ತಿದ್ದೆ.

ಮಾರುವ ವಿಚಾರ ಬಂದದ್ದು ಅದಕ್ಕಲ್ಲ. ನನ್ನ ಹೆಂಡತಿ ಶಾಲೆಯಲ್ಲಿ ಟೀಚರ್. ಆಕೆಗೆ ಆಳಂದಕ್ಕೆ ವರ್ಗವಾಯಿತು. ಆಗಿನ್ನೂ ಅಂಬೆಗಾಲಿಡುತ್ತಿದ್ದ ಮಗಳನ್ನು ಕರೆದುಕೊಂಡು ಆಕೆ ಹೋದಳು, ನಾನು ಛತ್ರಿಯ ಕೆಳಗೆ ಉಳಿದೆ. ಆಕೆಗೆ ರಜೆ ಇರುವುದು ರವಿವಾರ. ಊರಿಗೆಲ್ಲ ಟಿವಿ ಬೇಕಾಗುವುದೂ ರವಿವಾರವೇ. ನಾನು ಬಸ್ಸು ಹತ್ತಿ ಕಲಬುರಗಿ ಮುಟ್ಟುವುದರೊಳಗೆ ಇಲ್ಲಿ ಯಾವುದೋ ವಾಯರ್ ಕಡಿದು, ಅರ್ಧ ಊರು ನಮ್ಮ ಬಾಗಿಲ ಮುಂದೆ ನಿಂತಿರುತ್ತಿತ್ತು. ಹೀಗಾಗಿ ಹೋಗುವುದೇ ನಿಂತುಹೋಯಿತು. ಮಗಳು ಆಳಂದದಲ್ಲೇ ಮಾತು ಕಲಿತಳು. ಬಹಳ ದಿನದ ಮೇಲೆ ಒಮ್ಮೆ ಹೋದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಕಾ ಬಂದಾನ" ಎಂದು ಒಳಗೆ ಓಡಿದಳು. ಅವಳಿಗೆ ಬಾಗಿಲಿಗೆ ಬಂದ ಗಂಡಸರೆಲ್ಲ ಕಾಕಾ.

"ಹಂಗಾರ ಅಪ್ಪ ಎಲ್ಲಿ ಅದಾನ ಅಂತಾಳ?" ಎಂದು ಹೆಂಡತಿಯನ್ನು ಕೇಳಿದೆ.

ಆಕೆ ಮೂಲೆಯಲ್ಲಿದ್ದ ಸಣ್ಣ ಟಿವಿಯ ಕಡೆ ಕೈ ಮಾಡಿದಳು. "ಉಣ್ಣವಲ್ಲಳ್ರಿ. ಅದಕ್ಕ, ಅಪ್ಪ ಆ ಟಿವಿಯಾಗ ಕುಂತು ನೋಡಾಕತ್ತಾನ, ಉಣ್ಣದಿದ್ರ ಬೈತಾನ ಅಂತ ಹೇಳಿ ಉಣಿಸ್ತೇನಿ. ನಾ ಮತ್ತೇನ್ ಹೇಳ್ಲಿ?"

ಮರುದಿನವೇ ಜೇವರ್ಗಿಗೆ ಬಂದು, ಧಂದೆ ಮಾರುತ್ತೇನೆ ಎಂದು ನಾಲ್ಕು ಮಂದಿಗೆ ಹೇಳಿದೆ.

ಗಬ್ಬದ ಎಮ್ಮೆ

ಮೊದಲು ಬಂದವರು ನಮ್ಮೂರ ಬೆಲ್ಲದ ವ್ಯಾಪಾರಿ. ಚಹಾ ಕುಡಿದರು. ಮಾಳಿಗೆ ಹತ್ತಿ ಛತ್ರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕೆಳಗೆ ಬಂದು ಇನ್ನೊಂದು ಚಹಾ ಕುಡಿದರು.

"ತಿಂಗಳಿಗೆ ಫಾಯದಾ ಎಷ್ಟ್ರಿ?"

"ಇನ್ನಾ ಬಂದಿಲ್ರಿ. ಮುಂದ ಬರ್ತದ."

"ಮುಂದ ಅಂದ್ರ?"

"ಮಂದಿ ಹೆಚ್ಚಾದಂಗ ಬರ್ತದ್ರಿ. ಈಗ ಶುರುವಾತ."

ಅವರು ಬಹಳ ಹೊತ್ತು ತಲೆ ತುರಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ನೀವು ಹೇಳೋದು ಹೆಂಗದ ಅಂದ್ರ, ಎಮ್ಮಿ ಗಬ್ಬ ಅದ, ಈಯೋದು ಯಾವಾಗ ಗೊತ್ತಿಲ್ಲ, ಅಲ್ಲೀತನಕ ಮೇವು ಹಾಕ್ಕೋತ ಇರ್ರಿ ಅಂದಂಗ. ಹೌದಲ್ರಿ?"

"ಹೌದ್ರಿ" ಎಂದೆ. ಹೋಲಿಕೆ ಸರಿಯಾಗಿಯೇ ಇತ್ತು.

"ಹಂಗಾರ ಈದ ಮ್ಯಾಲ ಒಂದ್ ಮಾತು ಹೇಳಿ ಕಳಸ್ರಿ. ಗಿಣ್ಣ ತಿನ್ನಾಕ ಬರ್ತೇನಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಕೌದಿಯೊಳಗಿನ ಅತ್ತೆ

ಎರಡನೆಯವರು ಅಫಜಲಪುರದವರು, ಸರಕಾರಿ ನೌಕರಿಯಿಂದ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಚರ್ಮದ ಬ್ಯಾಗು, ಎದೆಯ ಕಿಸೆಯಲ್ಲಿ ಪೆನ್ನು. ಮಾತು ಬಹಳ ಕಟ್ಟುನಿಟ್ಟು. "ನಿಮ್ಮ ಬಾಯಿಮಾತು ಬ್ಯಾಡ್ರಿ. ಕನೆಕ್ಷನ್ ಇರೋ ಮನಿ ಕಣ್ಣಾರೆ ನೋಡಿದ ಮ್ಯಾಲೇ ಸೌದಾ" ಎಂದರು. ನನಗೂ ಅದು ನ್ಯಾಯವೆನಿಸಿತು. ಬರ್ರಿ ಎಂದು ಓಣಿಗೆ ಕರೆದುಕೊಂಡು ಹೋದೆ.

ನಾನು ಒಂದು ವಿಚಾರ ಮರೆತಿದ್ದೆ. ನಮ್ಮ ಕಡೆ ಬಿಳಿ ಅಂಗಿ, ಬ್ಯಾಗು, ಪೆನ್ನು ಮೂರೂ ಕೂಡಿ ಓಣಿಯೊಳಗೆ ಬಂದರೆ ಅದು ಯಾವುದೋ ತೆರಿಗೆ ಎಂದೇ ಲೆಕ್ಕ. ನಾವು ಮೊದಲ ಮನೆ ಮುಟ್ಟುವುದರೊಳಗೆ ಸುದ್ದಿ ಕೊನೆಯ ಮನೆ ಮುಟ್ಟಿತ್ತು.

ಮೊದಲ ಮನೆಯವರು, "ಟಿವಿ? ನಮ್ಮನ್ಯಾಗ ಟಿವಿನೇ ಇಲ್ರಿ" ಎಂದರು. ನಾನು ದಂಗಾದೆ. ಹಿಂದಿನ ದಿನವೇ ಚಿತ್ರ ಸರಿಯಾಗಿ ಬರುತ್ತಿಲ್ಲ ಎಂದು ನನ್ನನ್ನು ಬೈದಿದ್ದರು. ಎರಡನೆಯ ಮನೆಯವರು, "ಈ ವಾಯರ್ರಾ? ಇದು ಅರಬಿ ಒಣಹಾಕೋ ಹಗ್ಗ ರೀ" ಎಂದು ಕೇಬಲ್ ಮೇಲೆ ಎರಡು ಧೋತರ ಹರವಿ ತೋರಿಸಿದರು. ನಾನು ಕಣ್ಣು ಹೊಡೆದೆ, ಕೈಸನ್ನೆ ಮಾಡಿದೆ. ಅವರು ಅದನ್ನು ಕಂಡು, ನಾನೂ ಸಿಕ್ಕಿಬಿದ್ದಿದ್ದೇನೆ ಎಂದು ತಿಳಿದು, ನನಗೋಸ್ಕರ ಇನ್ನೂ ಗಟ್ಟಿಯಾಗಿ ಸುಳ್ಳು ಹೇಳಿದರು. "ಈ ಮನಶಾನ್ನ ನಾವು ನೋಡೇ ಇಲ್ರಿ" ಎಂದು ನನ್ನತ್ತ ಬೆರಳು ಮಾಡಿದರು. ಅವರ ಪ್ರೀತಿಗೆ ಏನು ಹೇಳುವುದು!

ಮೂರನೆಯ ಮನೆಗೆ ಹೋದಾಗ ಪಡಸಾಲೆಯ ಮೂಲೆಯಲ್ಲಿ ಏನನ್ನೋ ಮುಚ್ಚಿ ಮೇಲೊಂದು ಕೌದಿ ಹೊದಿಸಿದ್ದರು. ಕೌದಿ ಚೌಕಾಗಿ ನಿಂತಿತ್ತು.

"ಅದೇನ್ರಿ?" ಎಂದರು ಅಫಜಲಪುರದವರು.

ಮನೆಯೊಡತಿ ತಡವರಿಸಲಿಲ್ಲ. "ನಮ್ಮತ್ತಿ ರೀ. ಮೈಯಾಗ ಆರಾಮಿಲ್ಲ. ಮುಸುಕು ಹಾಕ್ಕೊಂಡು ಕುಂತಾರ."

ಗಡಿಬಿಡಿಯಲ್ಲಿ ಟಿವಿ ಆರಿಸಿರಲಿಲ್ಲವೆಂದು ಕಾಣುತ್ತದೆ. ಅದೇ ಹೊತ್ತಿಗೆ ಕೌದಿಯೊಳಗಿಂದ ನಮಸ್ಕಾರ ಹೇಳಿ, ದಿಲ್ಲಿಯ ಸಮಾಚಾರ ಶುರುವಾಯಿತು. ಅಫಜಲಪುರದವರು ನಿಂತು ಅರ್ಧ ಸಮಾಚಾರ ಕೇಳಿ, ಕೌದಿಗೆ ಕೈಮುಗಿದು ಹೊರಬಂದರು.

"ಧಂದೆ ಬ್ಯಾಡ್ರಿ ನನಗ. ಇಲ್ಲದ ಗಿರಾಕಿ ತಗೊಂಡು ಏನ್ ಮಾಡ್ಲಿ?" ಎಂದರು. "ಆದ್ರ ಒಂದ್ ಮಾತ ಖರೇ. ಆ ಅತ್ತಿ ಹಿಂದಿ ಭಾಳ ಛಲೋ ಮಾತಾಡ್ತಾಳ."

ಹರಗೋಲು

ಮಣ್ಣೂರಿನಿಂದ ಒಬ್ಬ ಅಂಬಿಗ ಬಂದಿದ್ದ. ಭೀಮಾ ಹೊಳೆಯಲ್ಲಿ ಮಂದಿಯನ್ನು ದಾಟಿಸುವವನು. ಧಂದೆ, ವಾಯರ್, ಗಿರಾಕಿ ಯಾವುದನ್ನೂ ಕೇಳಲಿಲ್ಲ. ಛತ್ರಿಯನ್ನು ಬೆರಳಿನಿಂದ ಬಡಿದು ನೋಡಿದ, ಅಂಚು ಸವರಿದ, ಕೊನೆಗೆ ಅದರೊಳಗೆ ಕುಕ್ಕರಗಾಲಲ್ಲಿ ಕುಳಿತೂ ನೋಡಿದ. ನನಗೆ ಗಾಬರಿಯಾಯಿತು.

"ಎಷ್ಟ್ ಮಂದಿ ಕುಂದರಬಹುದು ಇದರಾಗ?"

"ಇದರಾಗ ಮಂದಿ ಕುಂದರಂಗಿಲ್ಲೋ ಮಾರಾಯಾ!"

"ಇದು ಫೈಬರ್ ಅಲ್ಲೇನ್ರಿ? ಕೊಳ್ಯಂಗಿಲ್ಲ, ಚರ್ಮ ಬಿಗಿಯೋದು ಬ್ಯಾಡ, ಡಾಂಬರ್ ಬಳಿಯೋದು ಬ್ಯಾಡ. ಹರಗೋಲು ಅಂದ್ರ ಇದು!" ಅವನ ಮುಖ ಅರಳಿತ್ತು. ಅಷ್ಟು ಪ್ರೀತಿಯಿಂದ ನನ್ನ ಛತ್ರಿಯನ್ನು ಯಾರೂ ನೋಡಿರಲಿಲ್ಲ. ಮಾರಿಬಿಡೋಣ ಎನಿಸಿತು. ಅಷ್ಟರಲ್ಲಿ ನಡುವಿನ ಬೋಲ್ಟು ಅವನ ಕೈಗೆ ತಾಗಿತು.

"ಇಲ್ಲಿ ತೂತ ಅದ?"

"ಅದ. ಬೋಲ್ಟ್ ಹಾಕಾಕ."

ಅವನು ಛತ್ರಿಯಿಂದ ಇಳಿದು, ನನ್ನ ಹೆಗಲ ಮೇಲೆ ಕೈಯಿಟ್ಟು, ಹಿರಿಯಣ್ಣನ ಹಾಗೆ ಹೇಳಿದ: "ತಪ್ಪ ತಿಳೀಬ್ಯಾಡ್ರಿ. ನಿಮಗ ಇದನ್ನ ಮಾರ್ದಾಂವ ಮೋಸ ಮಾಡ್ಯಾನ."

ರುಮಾಲಿನ ಕೆಳಗೆ

ಕೊನೆಗೆ ನಾನು ದನದ ದಲ್ಲಾಳಿಯ ಕಡೆ ಹೋದೆ. ಎತ್ತು, ಎಮ್ಮೆ ಮಾರಿಸುವುದರಲ್ಲಿ ಆತ ಹೆಸರುವಾಸಿ. "ಲಾಭ ಇಲ್ಲದ್ದು ಮಾರಿಸ್ತೀಯೇನೋ?" ಎಂದು ಕೇಳಿದೆ. "ನಾ ಕುಂಟ ಎತ್ತು ಮಾರ್ಸೇನ್ರಿ. ಇದು ನಿಂತಲ್ಲೇ ನಿಲ್ಲೂದು, ಕುಂಟೋದೂ ಕಾಣಂಗಿಲ್ಲ" ಎಂದ.

ಅವನು ಅಂದೋಲಾದ ಒಬ್ಬ ಮೇವಿನ ವ್ಯಾಪಾರಿಯನ್ನು ಕರೆತಂದ. ಆ ಗೃಹಸ್ಥರಿಗೆ ಲಾಭದ ಮಾತೇ ಬೇಕಿರಲಿಲ್ಲ. "ನಮ್ಮನಿ ಹೆಣ್ಮಕ್ಕಳು ಸಂಜಿಗೆ ಬಾಜೂ ಮನಿಗೆ ಟಿವಿ ನೋಡಾಕ ಹೋಗ್ತಾರ್ರಿ. ವ್ಯಾಳ್ಯಾಕ್ಕ ರೊಟ್ಟಿ ಸಿಗವಲ್ದು. ಛತ್ರಿ ನಮ್ಮ ಮಾಳಿಗಿ ಮ್ಯಾಲೇ ಬಂದ್ರ, ಊರ ಹೆಣ್ಮಕ್ಕಳು ನಮ್ಮನಿಗೆ ಬರ್ತಾರ. ಯಾರಾದ್ರೂ ಒಬ್ಬಾಕಿ ರೊಟ್ಟಿ ಬಡದಾಳು" ಎಂದರು. ಅಷ್ಟೆಲ್ಲ ಮುಂದಿನ ವಿಚಾರ ಮಾಡಿದ ಗಿರಾಕಿ ನನಗೆ ಸಿಕ್ಕಿರಲಿಲ್ಲ.

ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಡುವವನ ಕೈ, ತಗೊಳ್ಳುವವನ ಕೈ ಎರಡರ ಮೇಲೂ ರುಮಾಲು ಮುಚ್ಚುತ್ತಾರೆ. ಗಿರಾಕಿ ಒಳಗೆ ಬೆರಳು ಚಾಚಬೇಕು, ಮಾರುವವನು ಅವನ್ನು ಹಿಡಿದು ತಿಳಿದುಕೊಳ್ಳಬೇಕು. ಒಂದು ಬೆರಳೆಂದರೆ ಎಷ್ಟು ಎಂಬುದು ಮೊದಲೇ ಮಾತಾಗಿರುತ್ತದೆ. ಛತ್ರಿಗೂ ಇದೇ ಪದ್ಧತಿ ಎಂದು ದಲ್ಲಾಳಿ ಹಟ ಹಿಡಿದ. ವ್ಯಾಪಾರಿ ಬಂದಾಗಿನಿಂದ ಬಲಗೈಯನ್ನು ರುಮಾಲಿನಲ್ಲೇ ಸುತ್ತಿಕೊಂಡಿದ್ದರು. ಎಷ್ಟು ತಯಾರಾಗಿ ಬಂದಿದ್ದಾರೆ ಎಂದುಕೊಂಡೆ.

ಐದು ಬೆರಳಿಗಿಂತ ಕಡಿಮೆಗೆ ಕೊಡಬಾರದು ಎಂದು ನನ್ನ ಮನಸ್ಸಿನಲ್ಲಿತ್ತು. ಆಳಂದದಲ್ಲಿ ಒಂದು ಸಣ್ಣ ರೇಡಿಯೊ ರಿಪೇರಿ ಅಂಗಡಿ ಹಾಕಲು ಅಷ್ಟಾದರೂ ಬೇಕಿತ್ತು. ರುಮಾಲು ಬಿತ್ತು. ಬೆರಳು ಹಿಡಿದೆ. ನಾಲ್ಕು.

ತಲೆ ಅಲ್ಲಾಡಿಸಿದೆ. ಅವರು ರುಮಾಲಿನ ಒಳಗೇ ಕೈ ಬಿಡಿಸಿಕೊಂಡು ಮತ್ತೆ ಕೊಟ್ಟರು. ಮತ್ತೆ ನಾಲ್ಕು.

"ಇನ್ನೊಂದು ಬರ್ಲಿ ರೀ" ಎಂದುಬಿಟ್ಟೆ.

ದಲ್ಲಾಳಿ ನಾಲಿಗೆ ಕಚ್ಚಿಕೊಂಡ. "ಬಾಯಿ ಬಿಡಬಾರದ್ರಿ! ಹಿಡೀರಿ, ಸುಮ್ಮ ಹಿಡೀರಿ."

ಮತ್ತೆ ಹಿಡಿದೆ, ಒಂದೊಂದಾಗಿ ತಡವಿ ನೋಡಿದೆ. ನಾಲ್ಕೇ. ಮತ್ತೆ ತಲೆ ಅಲ್ಲಾಡಿಸಿದೆ. ವ್ಯಾಪಾರಿ ಕೆಂಪಗಾದರು.

"ಏನ್ರಿ ನಿಮ್ಮ ಆಸೆ! ಪೂರಾ ಕೈ ಕೊಟ್ಟೇನಿ. ಇನ್ನೇನು ಮೊಣಕೈ ಕೊಡ್ಲೇನು?"

ನನಗೆ ತಲೆ ಬುಡ ತಿಳಿಯಲಿಲ್ಲ. ಆದರೆ ಅವರು ಎದ್ದು ಹೊರಟರೆ ಇನ್ನೊಂದು ವರ್ಷ ನಾನು ಆಳಂದಕ್ಕೆ ಕಾಕಾ ಆಗಿಯೇ ಹೋಗಬೇಕು. ಹೋಗಲಿ, ಅಂಗಡಿ ಬದಲು ಮನೆಯ ಕಟ್ಟೆಯ ಮೇಲೆ ಕುಳಿತು ರಿಪೇರಿ ಮಾಡಿದರಾಯಿತು ಎಂದು, "ಆಗ್ಲಿ ರೀ, ನಿಮ್ಮ ಮಾತೇ ಇರ್ಲಿ" ಎಂದೆ. ದಲ್ಲಾಳಿ ಸೌದಾ ಮುಗಿಯಿತೆಂದು ರುಮಾಲು ಎಳೆದ.

ವ್ಯಾಪಾರಿಯ ಬಲಗೈಯಲ್ಲಿ ಕಿರುಬೆರಳೇ ಇರಲಿಲ್ಲ.

ನಾನು ಬಾಯಿ ತೆರೆದು ನೋಡುತ್ತಿದ್ದೆ. ಅವರು ಐದೂ ಬೆರಳಿನ ಬೆಲೆಯನ್ನು ನನ್ನ ಮುಂದಿಟ್ಟು, ಕೈ ತಿರುಗಿಸಿ ತೋರಿಸಿದರು. "ಇದನ್ನ ಕಣಿಕಿ ಮೇವು ಕಡಿಯೋ ಮಷೀನು ತಿಂತ್ರಿ. ಬೆರಳು ಹೋದ್ರೇನಾತು, ಹಿಶೇಬಿನಾಗ ಇನ್ನಾ ಅದ."

ಬದನೆಕಾಯಿ ಸಂತೆ

ಆಳಂದದ ಮನೆಯ ಬಾಗಿಲಲ್ಲಿ ಮಗಳು ತಾಯಿಯ ಸೀರೆ ಹಿಂದೆ ನಿಂತಿದ್ದಳು. "ಕಾಕಾ" ಎಂದಳು.

"ಕಾಕಾ ಅಲ್ಲ ಬೇ, ಅಪ್ಪ" ಎಂದಳು ಹೆಂಡತಿ. ಮಗಳು ಒಮ್ಮೆ ನನ್ನನ್ನು, ಒಮ್ಮೆ ಮೂಲೆಯ ಟಿವಿಯನ್ನು ನೋಡಿ, ಇಲ್ಲವೆಂದು ತಲೆ ಅಲ್ಲಾಡಿಸಿದಳು. ವಿಚಿತ್ರವೆಂದರೆ ಸಂತೆಗೆ ಹೋಗೋಣ ಎಂದ ಕೂಡಲೇ ಬಂದು ನನ್ನ ಒಂದು ಬೆರಳು ಹಿಡಿದಳು. ಅಪ್ಪನಲ್ಲದಿದ್ದರೂ ಸಂತೆಗೆ ನಡೆಯುತ್ತದೆ ಎಂದು ಅವಳ ವಿಚಾರ.

ಬದನೆಕಾಯಿ ಮಾರುವ ಮುದುಕಿಗೆ ಮಗಳ ಗುರುತಿತ್ತು, ನನ್ನದಿರಲಿಲ್ಲ. "ಟೀಚರ್ ಬಾಯಿ ಮಗಳಲ್ಲ ನೀ? ಯಾರ ಜೋಡಿ ಬಂದಿ?"

"ಕಾಕಾ ಜೋಡಿ."

"ಅಪ್ಪ ಎಲ್ಲಿ ಅದಾನವ್ವಾ?"

"ಟಿವಿಯಾಗ ಅದಾನ. ಉಣ್ಣದಿದ್ರ ಬೈತಾನ."

ಮುದುಕಿ ತಕ್ಕಡಿ ಕೆಳಗಿಟ್ಟಳು. ಒಂದು ಕೈಯಿಂದ ಮಗಳನ್ನು ತನ್ನ ಕಡೆ ಎಳೆದುಕೊಂಡು, "ನೀವ್ಯಾರ್ರಿ?" ಎಂದಳು. ಅಕ್ಕಪಕ್ಕದವರು ತಿರುಗಿ ನೋಡಿದರು.

"ನಾ ಅಪ್ಪ ರೀ. ಆ ಟಿವಿ ಧಂದೆ ಮಾರಿ ಬಂದೇನಿ" ಎಂದೆ ಗಡಿಬಿಡಿಯಲ್ಲಿ.

ಮಗಳು ನನ್ನ ಮುಖ ನೋಡಿದಳು. ಅಳು ಶುರು ಮಾಡಿದಳು. ಆಮೇಲೆ ಇಡೀ ಸಂತೆ ಕೇಳುವಂತೆ ಕಿರುಚಿದಳು: "ಈ ಕಾಕಾ ನಮ್ಮಪ್ಪನ್ನ ಮಾರಿ ಬಂದಾನ!"

ಗದ್ದಲವಾಯಿತು. ಮಂದಿ ನನ್ನನ್ನು ಸುತ್ತುವರಿದರು. ಯಾರೋ ಓಡಿಹೋಗಿ ಹೆಂಡತಿಯನ್ನು ಕರೆತಂದರು. ಆಕೆ ಬರಿಗಾಲಲ್ಲೇ ಬಂದಿದ್ದಳು. ಮುದುಕಿ ಹೇಳಿದ್ದೆಲ್ಲ ಕೇಳಿ, ನಗಬೇಕೋ ಅಳಬೇಕೋ ತಿಳಿಯದೆ ಮಗಳ ಮುಂದೆ ಕೂತು ಅವಳ ಕಣ್ಣು ಒರೆಸಿದಳು.

"ಅಪ್ಪನ್ನ ಮಾರಿಲ್ಲವ್ವಾ. ಟಿವಿ ಮಾರಿ, ಅಪ್ಪನ್ನ ಹೊರಗ ತಗದಾರ. ಇವರೇ ನೋಡು ಅಪ್ಪ."

ಮಗಳ ಅಳು ನಿಂತಿತು. ಹತ್ತಿರ ಬಂದು ನನ್ನನ್ನು ಕಾಲಿನಿಂದ ತಲೆಯವರೆಗೆ, ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಮೊದಲಿನಂತೆಯೇ ಬೆರಳು ಹಿಡಿದು, ಬಹಳ ಮರುಕದಿಂದ ಕೇಳಿದಳು:

"ಅಪ್ಪಾ, ಇಷ್ಟ್ ದೊಡ್ಡಾಂವ ಅದರಾಗ ಹೆಂಗ ಕುಂತಿದ್ದಿ?"

"ಭಾಳ ಇಕ್ಕಟ್ಟಾಗಿತ್ತವ್ವಾ" ಎಂದೆ.