ಹಾಸಿಗೆ ಮೀರಿ ಚಾಚಿದ ಕಾಲು

ಹಾಸಿಗೆ ಕಂಪನಿಯ ಕಂಪ್ಯೂಟರ್ ರಕ್ಷಣಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಹಲ್ಲಿನ ಸೆಟ್ಟು ಕಟ್ಟಿ ಬದುಕುವ ನನ್ನಂಥವಳ ಸವಿನಯ ನಮಸ್ಕಾರಗಳು ತಮ್ಮ ಶೌರ್ಯಕ್ಕೆ ಸಲ್ಲಲಿ. ಕಳೆದ ಮಂಗಳವಾರ ತಮ್ಮ ಗಿರಾಕಿಗಳ ಪಟ್ಟಿ ಕದಿಯಲು ಬಂದ ಹ್ಯಾಕರ್ ಒಬ್ಬ, ನನಗೇ ತಿಳಿಯದಂತೆ ನನ್ನ ಅಂಗಡಿಯ ಕಂಪ್ಯೂಟರಿಗೆ ನುಗ್ಗಿ, ಅಲ್ಲಿಂದ ತಮ್ಮ ಕಡೆಗೆ ಹಾರಿದನಂತೆ. ಪೊಲೀಸರಿಗೆ ದೂರು ಕೊಟ್ಟು ಸುಮ್ಮನಿರಲು ತಾವೇನು ಹೇಡಿಗಳೇ? ಬೆನ್ನಟ್ಟಿ ಬಂದಿರಿ, ನನ್ನ ಕಂಪ್ಯೂಟರನ್ನೇ ಕಳ್ಳನೆಂದು ತೀರ್ಮಾನಿಸಿದಿರಿ, ಅದರಲ್ಲಿದ್ದುದನ್ನೆಲ್ಲ ಅಳಿಸಿಹಾಕಿ ಗೆದ್ದೆವೆಂದು ಬೀಗಿದಿರಿ. ಕಳ್ಳ ಅಷ್ಟರಲ್ಲಿ ಪರಾರಿಯಾಗಿದ್ದ.

ತಾವು ಅಳಿಸಿದ್ದರಲ್ಲಿ ನನ್ನ ಅತ್ತಿಗೆಯ ದವಡೆಯೂ ಇತ್ತು. ಬಲದವಡೆಯ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಗುವ ಎರಡು ದಿನ ಮೊದಲು, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಅಳತೆ ತೆಗೆದಿದ್ದೆ. ತಾವು ನುಗ್ಗುವ ಹೊತ್ತಿಗೆ ವೈದ್ಯರು ಗಡ್ಡೆಯ ಜೊತೆ ಆ ಕಡೆಯ ಮೂಳೆಯನ್ನೂ ತೆಗೆದಾಗಿತ್ತು; ಈಗ ಆ ಮೂಳೆಯೂ ಇಲ್ಲ, ಅಳತೆಯೂ ಇಲ್ಲ. ನಕಲು ಇಟ್ಟುಕೊಳ್ಳದಿದ್ದುದು ನನ್ನ ತಪ್ಪೇ, ಒಪ್ಪಿದೆ. ಆದರೆ ಹಾಸಿಗೆ ಮಾರುವವರು ದವಡೆಗೆ ಕೈ ಹಾಕುತ್ತಾರೆಂದು ಯಾರು ಕನಸು ಕಂಡಿದ್ದರು? ಗಂಜಿಯ ಬಟ್ಟಲು ಹಿಡಿದು ಅತ್ತಿಗೆ ದಿನಾ ಬೆಳಿಗ್ಗೆ "ನನ್ನ ಹಲ್ಲು ಎಲ್ಲಿಗೆ ಬಂತೇ?" ಎಂದು ಕೇಳುತ್ತಾರೆ.

ತಮ್ಮ ವಕೀಲರು ಫೋನಿನಲ್ಲಿ ಇದಕ್ಕೆ 'ಸಕ್ರಿಯ ಆತ್ಮರಕ್ಷಣೆ' ಎಂಬ ಚೆಂದದ ಹೆಸರು ಹೇಳಿದರು. ಅಪ್ಪಣೆಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗುವುದು ಅಪರಾಧವಲ್ಲವೇ ಎಂದೆ. ಹ್ಯಾಕರ್ ನುಗ್ಗಿದರೆ ಅಪರಾಧವಂತೆ! ಅವನಾದರೂ ನನ್ನದೇನನ್ನೂ ಮುಟ್ಟಿರಲಿಲ್ಲ. ಅವನಿಗೂ ತಮಗೂ ಇರುವ ವ್ಯತ್ಯಾಸವೆಂದರೆ ಅವನ ಬಳಿ ವಕೀಲರಿಲ್ಲ, ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಾಸಿಗೆ ಮಾರುವವರಿಗೇ ತಿಳಿಯದಿದ್ದರೆ ಇನ್ನಾರಿಗೆ ಹೇಳುವುದು?

ಆದ್ದರಿಂದ ಮಾನ್ಯರೇ, ತಾವೇ ಪೊಲೀಸರೂ ನ್ಯಾಯಾಧೀಶರೂ ಆದಮೇಲೆ ದಂತವೈದ್ಯರೂ ಆಗಿಬಿಡಿ. ತಮ್ಮ ವೀರರು ಆಸ್ಪತ್ರೆಗೆ ಹೋಗಿ ಅತ್ತಿಗೆಯ ಮೂಳೆಯನ್ನು ಹುಡುಕಿ ತಂದು, ನಾನು ಇನ್ನೊಮ್ಮೆ ಅಳತೆ ತೆಗೆಯುವ ತನಕ ಅದರ ಜಾಗದಲ್ಲಿ ಅಲುಗದಂತೆ ಹಿಡಿದುಕೊಂಡಿರಲಿ. ಅದಾಗದಿದ್ದರೆ ತಾವೇ ದಯಮಾಡಿಸಿ, ಅವರ ಬೆಳಗಿನ ಪ್ರಶ್ನೆಗೆ ಎದುರು ಕೂತು ಉತ್ತರ ಕೊಡಿ. ಹಲ್ಲಿಗೆ ಹಲ್ಲು ಎಂಬುದೇ ತಮ್ಮ ನೀತಿಯಾದರೆ ಇಕ್ಕಳ ನನ್ನ ಬಳಿಯೂ ಇದೆ. ಆದರೆ ಯಾರ ಬಾಯಿ ಎಂದು ನೋಡದೆ ಕೀಳುವ ಅಭ್ಯಾಸ ನನಗಿಲ್ಲ.

ತಮ್ಮ ಗುರಿಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ನಂಬಿಕೆಯಿಟ್ಟ,
ತಮ್ಮ ವಿಶ್ವಾಸಿ,
ಹಲ್ಲಿನ ಸೆಟ್ಟು ಕಟ್ಟುವವಳು

ಮರೆತ ಮಾತು: ಈ ಪತ್ರ ಅಂಚೆಯಣ್ಣನ ಚೀಲದಿಂದ ತಮ್ಮ ಮೇಜಿಗೆ ಬರುತ್ತದೆ. ದಯವಿಟ್ಟು ಅವನ ಮೇಲೆ ಪ್ರತಿದಾಳಿ ಮಾಡಬೇಡಿ; ಬರೆದವಳು ನಾನು. ಅವನಿಗೆ ಮುಂದಿನ ಎರಡು ಹಲ್ಲು ಮೊದಲೇ ಇಲ್ಲ, ಅವನ ಅಳತೆಯನ್ನೂ ತಾವು ಅಳಿಸಿಯಾಗಿದೆ.