ಇಸ್ತ್ರಿ ಪೆಟ್ಟಿಗೆಗೆ ಬಿದ್ದ ಒಂದು ಓಟು

ಗುಪ್ತ ಮತದಾನ ಎಂಬುದು ಇಡೀ ದೇಶಕ್ಕೆ ಅನ್ವಯಿಸುತ್ತದೆ, ನಮ್ಮ ಸೋದರಮಾವನೊಬ್ಬನನ್ನು ಬಿಟ್ಟು! ಅವನು ಯಾರಿಗೆ ಓಟು ಹಾಕಿದ ಎಂಬುದು ಎಣಿಕೆಯ ದಿನ ಊರಿಗೆಲ್ಲ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಯಾರ ಹೆಸರಿನ ಮುಂದೆ ‘ಒಂದು’ ಎಂದಿರುತ್ತದೋ, ಆ ಒಂದು ಮಾವನದು. ಬಳಗಾನೂರಿನಾಚೆ ಕಾಲುವೆ ದಂಡೆಗಿರುವ ಅವನ ಊರಿನಲ್ಲಿ ಚಹಾದಂಗಡಿಯವನು ಕೂಗಿ ಹೇಳುತ್ತಾನೆ: “ಕಾಕಾರ ಓಟು ಮುಟ್ಟೇತಿ ನೋಡ್ರಲೇ!”

ಸಿಂಧನೂರಿನಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡು ದಿನಕ್ಕೆ ನಾಲ್ಕಾದರೂ ಸುಳ್ಳು ಹೇಳಿ ಬದುಕುವ ನನ್ನಂಥವನಿಗೆ ಇಂಥ ಮಾವ! ಅವನ ನಿಯಮ ಒಂದೇ. ಸುಳ್ಳು ಹೇಳುವವನಿಗೆ ಓಟಿಲ್ಲ. ಹೇಳುತ್ತಾನೋ ಇಲ್ಲವೋ ಎಂದು ತಿಳಿಯಲು ಪರೀಕ್ಷೆ ಬೇರೆ ನಡೆಸುತ್ತಾನೆ. ಗ್ರಾಮ ಪಂಚಾಯಿತಿಗೆ ನಿಂತವರು ಮನೆಗೆ ಬಂದರೆ, ಕಟ್ಟೆಯ ಮೇಲೆ ಕೂಡಿಸಿ, ನೀರು ಕೊಟ್ಟು, ಕೇಳುತ್ತಾನೆ.

“ನಮ್ಮ ಓಣಿಯೊಳಗ ನಲ್ಲಿ ಎಷ್ಟದಾವ್ರೀ?”

ಸಿಲಿಂಡರ್ ಗುರುತಿನವನು “ಮೂರು” ಎಂದ. ಫೇಲು! ಓಣಿಗೆ ಬರಬೇಕಿದ್ದ ಪೈಪು ಅವನ ಮನೆಯ ಮುಂದೆಯೇ ನಿಂತುಬಿಟ್ಟಿತ್ತು. ಕುಕ್ಕರ್ ಗುರುತಿನ ಹೆಣ್ಣುಮಗಳು ಅದೇ ಓಣಿಯವಳು. “ಈಗ ಒಂದೂ ಇಲ್ರೀ. ನಾ ಗೆದ್ರ ತಿಂಗಳದಾಗ ಮನಿಗೊಂದು ನಲ್ಲಿ” ಎಂದಳು. ಅವಳೂ ಫೇಲು! ತಿಂಗಳಲ್ಲಿ ಮನೆಗೊಂದು ನಲ್ಲಿ ಎಂದರೆ ಯಾರು ನಂಬುತ್ತಾರೆ? ಕೊನೆಗೆ ಬಂದವನು ಇಸ್ತ್ರಿ ಪೆಟ್ಟಿಗೆ ಗುರುತಿನ ಸೈಕಲ್ ರಿಪೇರಿಯವನು. ಅವನ ಸ್ವಂತ ಓಟೂ ಬೇರೆ ವಾರ್ಡಿನಲ್ಲಿತ್ತು, ಪಾಪ.

“ಒಂದೂ ಇಲ್ರೀ. ನಾ ಗೆದ್ರೂ ಬರತಾವಂತ ಹೇಳಾಕ ಬರಂಗಿಲ್ಲ.”

“ಪಾಸು!” ಎಂದು ಮಾವ ಎದ್ದು ಕೈ ಕುಲುಕಿದ.

ಒಳಗಿನಿಂದ ಮಾವನ ಹೆಂಡತಿ, ನಮ್ಮ ಅತ್ತಿಯ ದನಿ ಬಂತು. ಅತ್ತಿ ಗುರುಗುಂಟಾದವಳು. ಮಳೆಯನ್ನೇ ನಂಬಿದ ಬೆದ್ದಲು ಸೀಮೆಯಲ್ಲಿ ಬೆಳೆದವಳಿಗೆ ನೀರಿನ ಬೆಲೆ ಗೊತ್ತು. “ಖರೆ ಹೇಳಿದ್ರ ಕೊಡ ತುಂಬತೈತೇನ್ರೀ?”

“ಸುಳ್ಳು ಹೇಳಿದ್ರ ತುಂಬತೈತೇನು?”

“ಆಕೀ ಮನಿತನಕ ನಲ್ಲಿ ಬಂದ್ರ ನಮಗ ಹತ್ತು ಹೆಜ್ಜಿ. ಸಂತಿಯೊಳಗ ಎಲ್ಲಾ ಬದನಿಕಾಯಿಗೂ ಹುಳ ಇದ್ರ, ಕಡಿಮಿ ಹುಳ ಇದ್ದದ್ದು ಆರಿಸಿಕೊಂಡು ಬರತೀವಿಲ್ಲೋ?”

“ನಾ ಬದನಿಕಾಯಿನ ಬಿಡತೀನಿ!”

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮತದಾನಕ್ಕೆ ಎರಡು ದಿನ ಇರುವಾಗ ಸೈಕಲ್ಲಿನವನು ಸಿಲಿಂಡರಿನವನಿಗೆ ಹೆದರಿ, ತಾನು ಹಿಂದೆ ಸರಿದಿದ್ದೇನೆ, ಸಿಲಿಂಡರಿಗೇ ಹಾಕಿರಿ ಎಂದು ಸಾರಿಬಿಟ್ಟ. ಮತಪತ್ರದಲ್ಲಿ ಅವನ ಗುರುತು ಉಳಿದೇ ಇತ್ತು; ಮಾವ ಹೋಗಿ ಇಸ್ತ್ರಿ ಪೆಟ್ಟಿಗೆಗೇ ಹಾಕಿ ಬಂದ! ಯಾಕೆ ಎಂದು ಕೇಳಿದರೆ, “ಅಂವ ಹಿಂದ ಸರದಾನ. ನಾ ಸರದಿಲ್ಲ” ಎಂದ.

ಕುಕ್ಕರ್ ಒಂದೇ ಒಂದು ಓಟಿನಿಂದ ಸೋತಿತು.

ಅಂದಿನಿಂದ ಅತ್ತಿ ಮಾವನ ಜೊತೆ ಮಾತು ಬಿಟ್ಟಳು. ಹಾಗಂತ ಸಂಸಾರ ನಿಲ್ಲುತ್ತದೆಯೇ? ಹೇಳಬೇಕಾದ್ದನ್ನೆಲ್ಲ ಅಂಗಳದ ಎಮ್ಮೆಗೆ ಹೇಳತೊಡಗಿದಳು. “ಊಟ ಆರಾಕತ್ತೈತಿ, ಬರ್ತಾರೇನು ಕೇಳು.” “ಅಂಗಿ ಹರದೈತಿ, ಕಾಣಂಗಿಲ್ಲೇನಂತ ಕೇಳು.” ಮಾವನೂ ಎಮ್ಮೆಯ ಕಡೆ ತಿರುಗಿಯೇ ಉತ್ತರ ಕೊಡುತ್ತಿದ್ದ. ಐದು ವರ್ಷ! ಕೊನೆಕೊನೆಗೆ ಆ ಎಮ್ಮೆ ಅತ್ತಿಯ ದನಿ ಕೇಳಿದರೆ ಸಾಕು, ಮೇವು ಬಿಟ್ಟು ತಲೆ ಎತ್ತಿ, ಮಾವನ ಕಡೆ ನೋಡಿ ಕಿವಿ ಆಡಿಸುತ್ತಿತ್ತು. ಮನೆಯಲ್ಲಿ ಎಲ್ಲ ಗುಟ್ಟೂ ಗೊತ್ತಿದ್ದದ್ದು ಅದಕ್ಕೊಂದೇ.

ಮತ್ತೆ ಪಂಚಾಯಿತಿ ಚುನಾವಣೆ ಬಂತು. ಅದೇ ಸಿಲಿಂಡರ್, ಅದೇ ಕುಕ್ಕರ್, ಅದೇ ಸೈಕಲ್ಲಿನವನು. “ಈ ಸಲ ಜೀವ ಹೋದ್ರೂ ಹಿಂದ ಸರಿಯಂಗಿಲ್ರೀ” ಎಂದು ಮಾವನಿಗೆ ಮಾತು ಕೊಟ್ಟ.

ಮತದಾನಕ್ಕೆ ವಾರವಿರುವಾಗ ಅತ್ತಿ ಜ್ವರ ಬಂದು ಮಲಗಿದಳು. ಎಂದೂ ಕೊಡ ಮುಟ್ಟದ ಮಾವ, ಎರಡು ಕೊಡ ಸೈಕಲ್ಲಿಗೆ ಕಟ್ಟಿಕೊಂಡು ಸಿಲಿಂಡರಿನವನ ಮನೆ ಮುಂದಿನ ನಲ್ಲಿಗೆ ಹೋದ. ಸರದಿಯಲ್ಲಿ ನಿಂತು, ಬೈಸಿಕೊಂಡು, ನೀರು ತುಂಬಿಕೊಂಡು ಬರುವಾಗ ಕೆಸರಿನಲ್ಲಿ ಜಾರಿ ಬಿದ್ದ. ಕಾಲು ಉಳುಕಿ ಕುಂಬಳಕಾಯಿಯಾಯಿತು. ಸುದ್ದಿ ಕೇಳಿ ನಾನು ಮತದಾನದ ದಿನ ಮುಲಾಮು ಹಿಡಿದುಕೊಂಡು ಹೋದೆ.

“ನಂದು ಈ ಸಲ ಇಲ್ಲ. ಕಾಲು ಊರಾಕ ಆಗವಲ್ದು” ಎಂದು ಮಾವ ಎಮ್ಮೆಗೆ ಹೇಳಿದ. ಅತ್ತಿ ಸೆರಗು ಹೊದ್ದು, ಒಬ್ಬಳೇ ಹೋಗಿ ಓಟು ಹಾಕಿ ಬಂದಳು.

ಸಂಜೆ ನಾಲ್ಕಕ್ಕೆ, ಅತ್ತಿ ಹಿತ್ತಲಲ್ಲಿದ್ದಾಗ, ಮಾವ ನನ್ನ ತೋಳು ಹಿಡಿದ. “ಗಾಡಿ ತೆಗೀಲೇ, ಜಲ್ದಿ.” ನನ್ನ ಹೆಗಲ ಮೇಲೆ ಭಾರ ಹಾಕಿ ಮತಗಟ್ಟೆಗೆ ಹೋದ. ಹೊರಗೆ ಬಂದವನ ಮುಖ ಕದ್ದವನ ಮುಖದಂತಿತ್ತು.

“ಕುಕ್ಕರಿಗೆ ಶಿಕ್ಕಾ ಹೊಡದು ಬಂದೆ. ಯಾರ ಮುಂದೂ ಬಾಯಿ ಬಿಡಬ್ಯಾಡ.”

“ನೀನಾ ಮಾವ?!”

“ಎರಡು ಕೊಡಕ್ಕ ನಾ ಸುಸ್ತಾದೆ. ಅಕಿ ಎಷ್ಟು ವರ್ಷ ಹೊತ್ತಾಳೋ ಏನೋ.”

ಮನೆಗೆ ಬಂದಾಗ ಅತ್ತಿಯ ಕಣ್ಣು ನೇರ ಅವನ ಬೆರಳಿನ ಮಸಿಯ ಮೇಲೆ ಬಿತ್ತು. “ಅಯ್ಯ! ಹೋಗೇ ಬಂದ್ರಂತ?” ಎಂದು ಎಮ್ಮೆಗೆ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ನನಗೆ ಅರ್ಥವಾಗಲಿಲ್ಲ.

ಮಸ್ಕಿಯಲ್ಲಿ ಎಣಿಕೆಯ ದಿನ ನಾನು ಮಾವನ ಅಂಗಳದಲ್ಲೇ ಇದ್ದೆ. ಎಣಿಕೆ ಕೇಂದ್ರದಲ್ಲಿದ್ದ ಗೆಳೆಯ ಫೋನು ಮಾಡಿದ.

“ಕುಕ್ಕರ್ ಗೆದ್ದೈತಿ! ಒಂದ ಓಟಿಲೆ!” ಎಂದು ಕೂಗಿದೆ.

“ಇಸ್ತ್ರಿ ಪೆಟ್ಟಿಗಿ?” ಗಂಡ ಹೆಂಡತಿ ಇಬ್ಬರೂ ಒಂದೇ ಸಲ ಕೇಳಿದರು.

“ಎಂದಿನಂಗ. ಒಂದು.”

ಮಾವ ತಿರುಗಿ ಅತ್ತಿಯನ್ನು ನೋಡಿದ. ಆ ಒಂದು ಅವನದಲ್ಲ. ಅತ್ತಿ ಮಾವನ ಬೆರಳು ನೋಡಿದಳು. ಅವನೂ ಅಲ್ಲಿಗೇ ಹಾಕಿದ್ದರೆ ಎರಡಾಗಬೇಕಿತ್ತು. ಲೆಕ್ಕಕ್ಕೆ ಹೋದರೆ, ಇಬ್ಬರೂ ತಮ್ಮ ತಮ್ಮ ಹಟ ಹಿಡಿದಿದ್ದರೂ ಪಟ್ಟಿ ಹೀಗೆಯೇ ಇರುತ್ತಿತ್ತು!

“ನಿನಗ ನಲ್ಲಿ ಬ್ಯಾಡಾಗಿತ್ತೇನ?” ಎಂದು ಮಾವ ಕೇಳಿದ. ಈ ಸಲ ಅವನು ಎಮ್ಮೆಯ ಕಡೆ ತಿರುಗಲಿಲ್ಲ.

ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸೊನ್ನಿ ಬಂದ್ರ ಊರಾಗ ಮಂದಿ ನಗತಿದ್ರು. ನೀವು ಉಣ್ಣಾದು ಬಿಡತಿದ್ರಿ” ಎಂದಳು. ಎಮ್ಮೆ ರೂಢಿಯಂತೆ ತಲೆ ಎತ್ತಿತು. ಅತ್ತಿ ಅದನ್ನು ನೋಡಲೇ ಇಲ್ಲ. ಮಾವನ ಹತ್ತಿರ ಬಂದು ಕೈ ಚಾಚಿದಳು.

“ಏಳ್ರಿ. ರೊಟ್ಟಿ ಆರತಾವು.”